ಹುಲ್ಲುಮಾವನ ನಾಲಿಗೆ

ಹುಲ್ಲು, ಕಳೆ ಎಂದರೆ ಆ ಸುತ್ತಮುತ್ತಲ ಊರುಗಳಲ್ಲಿ ಹುಲ್ಲುಮಾವನ ಮಾತೇ ಕೊನೆ. ಯಾರ ಅಂಗಳದಲ್ಲಿ ಏನು ಮೊಳೆತರೂ ಜನ ಅವನನ್ನೇ ಕರೆಯುವುದು. ಅವನೋ, ಎಲೆ ಕಿತ್ತು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು ಹೆಸರು ಹೇಳುತ್ತಿದ್ದ. ಅಬ್ಬಾ, ಆ ಗತ್ತೇನು, ಆ ಠೀವಿಯೇನು! ಆದರೆ ಹೋದ ಚಳಿಗಾಲದ ಜ್ವರ ಅವನ ಬಾಯಿರುಚಿಯನ್ನು ಪೂರ್ತಿ ಹೊತ್ತೊಯ್ದಿತ್ತು. ಉಪ್ಪೂ ಒಂದೇ, ಸಕ್ಕರೆಯೂ ಒಂದೇ. ಹೆಂಡತಿ ಮಕ್ಕಳಿಗೂ ಹೇಳಿರಲಿಲ್ಲ. ಹೇಳಿದರೆ ಮಾನ ಹರಾಜಾಗದೇ?

ಈಗ ಡೇರಿಯ ಯಜಮಾನಿ ಹೊಸದಾಗಿ ಕೊಂಡ ಹುಲ್ಲುಗಾವಲಿನ ಬೇಲಿಬಾಗಿಲಲ್ಲಿ ನಿಂತಿದ್ದಳು. ಹಿಂದೆ ಹಸಿದ ಹಸುಗಳು, ಅದರಲ್ಲೂ ಕೆಲವು ಗಬ್ಬದವು. ಒಳಗೆಲ್ಲ ನೆಲಕ್ಕಂಟಿ ಹಬ್ಬಿದ ಮೂರೆಲೆಯ ಗಿಡ. ಯಂತ್ರ ಓಡಿಸಿ ಕತ್ತರಿಸಿದ್ದರಿಂದ ಹೂವಿಲ್ಲ, ಎಲೆಗಳ ತುದಿಯೂ ಹಾರಿಹೋಗಿದೆ, ಕಣ್ಣಿಂದ ನೋಡಿ ಗುರುತು ಹಿಡಿಯುವಂತಿಲ್ಲ.

"ಮಾವ, ಇದು ಮೇವಿನ ಗಿಡಾನೋ, ಹುಳಿಸೊಪ್ಪೋ? ಹುಳಿಸೊಪ್ಪು ಹೊಟ್ಟೆತುಂಬ ತಿಂದ್ರೆ ಹಸು ಉಳಿಯೋದು ಕಷ್ಟ ಅಂತಾರೆ. ನೀವು ಹೂಂ ಅಂದ್ರೆ ಒಳಗೆ ಬಿಡ್ತೀನಿ."

ಮಾವ ಅಗಿದ. ಹತ್ತಿ ಅಗಿದಂತಾಯಿತು. ಹುಳಿ ತಾಗಲಿಲ್ಲ, ತಾಗುವುದಾದರೂ ಹೇಗೆ? ಆದರೂ ಹಳೆಯ ಅಭ್ಯಾಸ, "ಮೇವೇ ಕಣಮ್ಮ, ಬಿಡಿ" ಎಂದುಬಿಟ್ಟ.

"ತಡೀರಿ!"

ಮಾವನ ಮಗಳು. ಎಷ್ಟೋ ವರ್ಷದಿಂದ ಅವನ ಜತೆಗೇ ಓಡಾಡಿ ಕೆಲಸ ಕಲಿತವಳು, ಆದರೂ ಯಾರೂ ಸಲಹೆ ಕೇಳದವಳು. ಅವಳೂ ಒಂದೆಲೆ ಅಗಿದು ಮುಖ ಕಿವುಚಿದ್ದಳು. "ಹಲ್ಲು ಜುಮ್ ಅನ್ನುತ್ತೆ. ಇದು ಹುಳಿಸೊಪ್ಪು."

ಮಾವನಿಗೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು! "ಸುಮ್ನಿರೇ. ನನಗೇ ಹೇಳಿಕೊಡ್ತೀಯಾ?"

ಅವಳು ಜಗ್ಗಲಿಲ್ಲ. ಮಂಡಿಯೂರಿ ತಡಕಾಡಿ, ಯಂತ್ರದ ಬಾಯಿಗೆ ಸಿಗದ ಪುಟ್ಟ ಹಸಿರು ಕಾಯಿಯೊಂದನ್ನು ಅವನ ಅಂಗೈಯಲ್ಲಿಟ್ಟು ಒತ್ತಿದಳು. ಕಾಯಿ ಟಪ್ಪೆಂದು ಸಿಡಿದು ಬೀಜ ಹಾರಿತು. ಮೇವಿನ ಗಿಡದ ಕಾಯಿ ಹೀಗೆ ಸಿಡಿಯುವುದಿಲ್ಲ. ಹುಳಿಸೊಪ್ಪೇ, ಅನುಮಾನವೇ ಇಲ್ಲ. ಮಗಳು ತಲೆಯೆತ್ತಿ ಅವನ ಮುಖ ನೋಡಿದಳು. ಉಪ್ಪು ಮರೆತ ಅಡುಗೆಯನ್ನೂ ಅಪ್ಪ ಇತ್ತೀಚೆಗೆ ತುಟಿಪಿಟಿಕ್ಕೆನ್ನದೆ ಉಣ್ಣುವುದು ಯಾಕೆಂದು ಅವಳಿಗೆ ಆಗ ಹೊಳೆಯಿತು. ತಟ್ಟನೆ ಯಜಮಾನಿಯತ್ತ ತಿರುಗಿ ನಕ್ಕಳು.

"ಅಪ್ಪನಿಗೆ ಗೊತ್ತೇ ಇತ್ತು. ನನ್ನ ಪರೀಕ್ಷೆ ಮಾಡ್ತಿದ್ರು ಅಷ್ಟೆ."

ಒಂದು ಹೂಂ ಅಂದರೆ ಸಾಕಿತ್ತು, ಮಾನ ಉಳಿಯುತ್ತಿತ್ತು. ಆದರೆ ಮಗಳ ಗೆಲುವೂ ಅವನ ಪಾಲಿಗೇ ಬರುತ್ತಿತ್ತು. ಹುಲ್ಲುಮಾವನ ಮಾತಿಗೆ ಎದುರು ನಿಲ್ಲುವ ಗುಂಡಿಗೆ ಇಷ್ಟು ವರ್ಷ ಯಾರಿಗಿತ್ತು? ನಿಂತವಳು ತನ್ನ ಮಗಳು! ಅವನಿಗೆ ಹೆಮ್ಮೆ ಉಕ್ಕಿತು.

"ಪರೀಕ್ಷೆನೂ ಇಲ್ಲ, ಗಿರೀಕ್ಷೆನೂ ಇಲ್ಲ" ಎಂದ. "ನನಗೆ ರುಚಿ ಹೋಗಿ ಎಷ್ಟೋ ತಿಂಗಳಾಯ್ತು. ಇವಳು ಅಡ್ಡ ಬರದಿದ್ರೆ ನಿಮ್ಮ ಹಸುಗಳನ್ನ ನಾನೇ ಕೊಲ್ತಿದ್ದೆ. ಇನ್ಮೇಲೆ ಕೇಳೋದಿದ್ರೆ ಇವಳನ್ನ ಕೇಳಿ."

ಯಜಮಾನಿ ಬೇಲಿಬಾಗಿಲಿಗೆ ಅಗುಳಿ ಹಾಕಿದಳು. "ಹಾಗಾದ್ರೆ ನೀನೇ ಹೇಳಮ್ಮ, ಈಗೇನು ಮಾಡೋದು?"

ಮಾವನಿಗೆ ಉತ್ತರ ಗೊತ್ತಿತ್ತು. ಆದರೂ ಎದೆಯುಬ್ಬಿಸಿಕೊಂಡು, ಯಜಮಾನಿಯ ಜತೆ ತಾನೂ ಮಗಳ ಮಾತಿಗೆ ಕಿವಿಗೊಟ್ಟು ನಿಂತ.