ಆನಂದ ಎಂಬ ಮಾತಿಗೆ

ಸಂಗಮ, ಸಂಗಮ, ಕೂಡಲಸಂಗಮ — ಬಸ್ ಸ್ಟ್ಯಾಂಡಿನ ಕಡೆಯಿಂದ ಕಂಡಕ್ಟರನ ಕೂಗು ಕಾಲೇಜಿನ ಗೋಡೆ ದಾಟಿ ಬಂತು, ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ವಿಜಯಲಕ್ಷ್ಮಿಯ ಕಿವಿಗೆ ಬಿದ್ದು ಜಾರಿತು, ಒಳಗೆ ಆಡಳಿತ ಮಂಡಳಿಯವರ ಚಹದ ಕಪ್ಪು-ಬಸಿಗಳ ಸಪ್ಪಳ, ಅದರ ಮೇಲೆ ಫಿಜಿಕ್ಸ್ ಕಲಿಸುವ ಬಸಂತರಾಯರ ನಗು, ಮನಶ್ಶಾಸ್ತ್ರ ಶಾಸ್ತ್ರನಽ ಅಲ್ರಿ, ಗಿಣಿಶಾಸ್ತ್ರದವನ ಹಂತ್ಯಾಕ ಗಿಣಿಯಾದ್ರೂ ಇರತೈತಿ, ಮೇಡಮ್ಮರ ಹಂತ್ಯಾಕ ಏನೈತಿ — ಏನಿದೆ, ಒಂದು ಸ್ಟಾಪ್‌ವಾಚಿದೆ, ಪ್ರಯೋಗಕ್ಕೆಂದು ಒಂದು ಕೋಣೆಯಿದೆ, ಆ ಕೋಣೆಯನ್ನು ಇವತ್ತು ಹೊಸ ಕಂಪ್ಯೂಟರುಗಳಿಗೆ ಬಿಟ್ಟುಕೊಟ್ಟರೆ ಬರುವ ವರ್ಷದಿಂದ ಮುದ್ದೇಬಿಹಾಳದಲ್ಲಿ ಅವಳ ವಿಷಯವೇ ಇಲ್ಲ, ಎಲ್ಲ ಆ ಒಂದು ಮಾತಿನಿಂದ, ಆನಂದ. ತಾನೊಂದು ಮಾತು ಹೇಳುವುದು, ಎದುರಿಗಿದ್ದವರು ಥಟ್ಟನೆ ಹೊಳೆದದ್ದನ್ನು ಹೇಳುವುದು, ನಡುವೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವುದು, ಪ್ರಯೋಗ ಅಂದರೆ ಇಷ್ಟೇ. ಮಳೆ ಅಂದರೆ ಬೆಳಿ ಅಂದಳು ತಾಳಿಕೋಟೆ ಕಡೆಯ ಸುಂದರವ್ವ, ಎಮ್ಮೆ ಅಂದರೆ ಹಾಲು, ಬಾವಿ ಅಂದರೆ ಹಗ್ಗ, ಪಟಪಟ ಅನ್ನುತ್ತಿದ್ದವಳು ಆನಂದ ಅಂದಾಗ — ಸ್ಟಾಪ್‌ವಾಚಿನ ಮುಳ್ಳು ಓಡಿತು, ಓಡುತ್ತಲೇ ಇತ್ತು, ಸೆರಗು ಬಾಯಿಗೆ ಬಂತು. ದುಃಖ, ಅಂತ ವಿಜಯಲಕ್ಷ್ಮಿ ಬರೆದುಕೊಂಡಳು, ಈ ಹೆಣ್ಣಿಗೆ ಆನಂದದ ಗುರುತೇ ಇಲ್ಲ ಎಂದು ವಿಜಾಪುರದ ವಿಚಾರಸಂಕಿರಣದಲ್ಲಿ ಓದಿದಳು, ಮುಂದಿನ ಸಾಲಿನವರು ಕಣ್ಣು ಒರೆಸಿಕೊಂಡರು, ಹಿಂದಿನ ಸಾಲಿನಿಂದ ಬಸಂತರಾಯರು ಎದ್ದರು, ಆಕಿ ನಮ್ಮೂರಾಕಿರಿ ಮೇಡಂ, ಆಕಿ ಗಂಡನ ಹೆಸರು ಪರಮಾನಂದ, ಗಂಡನ ಹೆಸರು ಬಂದ್ರ ಯಾವ ಹೆಣ್ಣಮಗಳು ಬಾಯಿ ಬಿಡ್ತಾಳ್ರಿ.

ಸಭೆಗೆ ಸಭೆಯೇ ನಕ್ಕಿತು, ನಗಲಿ, ಮುಳ್ಳು ನೋಡುತ್ತ ಮುಖ ನೋಡದೆ ಹೋದವಳು ತಾನು, ಆಮೇಲೆ ಹುಡುಕಿಕೊಂಡು ಹೋದಾಗ ಸುಂದರವ್ವ ಮತ್ತೆ ಸೆರಗು ಬಾಯಿಗಿಟ್ಟಳು, ನಾ ಎಲ್ಲಿ ಅತ್ತೇನ್ರಿ ಅಕ್ಕಾರ, ನೀವು ಅವರ ಹೆಸರು ತಗದ್ರಿ, ನಗಿ ತಡಕೊಂಡೆ ಅಷ್ಟ. ಆದರೆ ತಡೆದದ್ದಂತೂ ನಿಜ, ಕಣ್ಣಿಗೆ ಕಾಣದ ಯಾವುದೋ ಒಂದು ಅವಳ ನಾಲಗೆಯನ್ನು ಹಿಡಿದು ನಿಲ್ಲಿಸಿತು, ಮುಳ್ಳು ಅದನ್ನು ತೋರಿಸಿತು, ಸುಳ್ಳು ಹೆಸರಿಟ್ಟದ್ದು ತಾನು, ಹೆಸರು ಸುಳ್ಳೆಂದು ತೋರಿಸಲಿಕ್ಕೂ ಬಂತಲ್ಲ, ಗಿಣಿಶಾಸ್ತ್ರದವನನ್ನು ಹೀಗೆ ಯಾರು ಯಾವತ್ತು ಸುಳ್ಳಾಗಿಸಿದ್ದಾರೆ, ಇದನ್ನೇ ಒಳಗೆ ಹೇಳುತ್ತಾಳೆ, ಕೋಣೆ ಬಿಡುವುದಿಲ್ಲ, ಬಾಗೇವಾಡಿ, ಸಿಂದಗಿ, ಇಂಡಿ ಎಲ್ಲ ತಿರುಗುತ್ತಾಳೆ, ಗಂಡಂದಿರ ಹೆಸರನ್ನು ಮೊದಲು ನೆರೆಯವರಿಂದ ಕೇಳಿ, ಯಾರು ಯಾವ ಮಾತಿಗೆ ತಡೆಯುತ್ತಾರೆಂದು ಮೊದಲೇ ಸಾರಿ ಹೇಳಿ, ಆಮೇಲೆ ಅಳೆಯುತ್ತಾಳೆ, ತಪ್ಪಿದರೆ ಎಲ್ಲರೆದುರು ತಪ್ಪಲಿ. ಓದಿದ ಹೆಂಗಸರಿಗೆ ಇದು ಹತ್ತೂದಿಲ್ಲ ಬಿಡ್ರಿ ಅಂತಾರೆ ಬಸಂತರಾಯರು, ಅಂದೇ ಅನ್ನುತ್ತಾರೆ — ಸ್ಟಾಪ್‌ವಾಚನ್ನು ಅವರ ಕೈಗೇ ಕೊಟ್ಟರಾಯಿತು, ಓದಿದವಳು ತಾನಿದ್ದೇನಲ್ಲ, ಅಳೆಯಿರಿ ಅಂದರಾಯಿತು, ತನಗೆಂಥ ತಡೆ, ಗಂಡ ಸಂಗಮೇಶನ ಹೆಸರನ್ನು ಎಷ್ಟು ಸಲ — ಎಷ್ಟು ಸಲ ಅಂದಿದ್ದಾಳೆ, ಬರೆದಿದ್ದಾಳೆ, ಅಂದದ್ದು ಯಾವಾಗ, ಇದೇ ಬಸ್ಸಿನಲ್ಲಿ ತವರಿಗೆ ಹೋಗುವಾಗೆಲ್ಲ ಕಂಡಕ್ಟರಿಗೆ ಕೂಡಲಕ್ಕ ಒಂದು ಟಿಕೀಟು ಕೊಡ್ರಿ ಅಂತಾಳೆ, ಕೂಡಲಕ್ಕ, ಮುಂದಿನದು ಎಂದಾದರೂ — ಬರ್ರಿ ಮೇಡಂ, ಒಳಗಿನಿಂದ ಕರೆದರು, ಎದ್ದಳು, ಬಾಗಿಲು ನೂಕಿದಳು, ಎಲ್ಲ ಮುಖಗಳೂ ತಿರುಗಿದವು, ಕಿಟಕಿಯಾಚೆ ಬಸ್ಸು ಹೊರಡುತ್ತಿತ್ತು, ಸಂಗಮ, ಸಂಗಮ, ವಿಜಯಲಕ್ಷ್ಮಿ ತನ್ನ ಕೈ ನೋಡಿದಳು, ಸೆರಗು ಬಾಯಿಗೆ ಬಂದಿತ್ತು.