ಹನ್ನೊಂದನೆಯ ಕಿವಿ

ಅಕ್ಕ ತಮ್ಮ ಇಬ್ಬರದೂ ಒಂದೇ ಕಸುಬು. ಹಳೆಯ ಸುರಂಗಗಳನ್ನು ಅಗಲ ಮಾಡುವ ಮೊದಲು ಗೋಡೆಯ ಬಂಡೆ ಗಟ್ಟಿಯೋ, ಬಿರುಕು ಬಿಟ್ಟಿದೆಯೋ ಎಂದು ಹೇಳುವುದು. ತಮ್ಮ ಗೋಡೆಗುಂಟ ಇಪ್ಪತ್ತನಾಲ್ಕು ಸೆನ್ಸರ್ ಕೂರಿಸಿ, ಉಕ್ಕಿನ ಪ್ಲೇಟಿನ ಮೇಲೆ ಸುತ್ತಿಗೆ ಬೀಸುತ್ತಿದ್ದ. ಸೆನ್ಸರಿಗೆ ಇಬ್ಬರೂ ಇಟ್ಟ ಹೆಸರು ಕಿವಿ. ಆ ಪೆಟ್ಟಿನ ಅಲೆ ಬಂಡೆಯೊಳಗೆ ಓಡಿ ಒಂದೊಂದೇ ಕಿವಿಗೆ ತಾಕುವುದನ್ನು ಅಕ್ಕ ಹೊರಗಿನ ತಗಡಿನ ಕೋಣೆಯಲ್ಲಿ ಕೂತು ಗೆರೆಗಳಲ್ಲಿ ಓದುತ್ತಿದ್ದಳು. ಗಟ್ಟಿ ಬಂಡೆಯಲ್ಲಿ ಅಲೆ ಬೇಗ ಬರುತ್ತದೆ. ಬಿರುಕಿದ್ದರೆ ಸೊರಗಿ, ತಡವಾಗಿ ಬರುತ್ತದೆ.

ತಮ್ಮ ಒಳ್ಳೆಯವನೇ, ಆದರೆ ಮುಗಿದರೆ ಸಾಕು ಎನ್ನುವ ಜಾತಿ. ದಿನಕ್ಕೊಂದು ಕಿವಿಯನ್ನಾದರೂ ಸಡಿಲ ಬಿಟ್ಟೇ ಬರುತ್ತಿದ್ದ. ಸಡಿಲ ಕಿವಿಯಲ್ಲೂ ಅಲೆ ಸೊರಗಿ, ತಡವಾಗಿಯೇ ಕಾಣುತ್ತದೆ. ಬೈದೂ ಬೈದೂ ಅಕ್ಕನ ಬಾಯಿ ಸೋತಿತ್ತು. ಎಂಟು ವರ್ಷದಿಂದಲೂ, ಒಂದೇ ಒಂದು ಗೆರೆ ಹಿಂದೆ ಬಿದ್ದಾಗಲೆಲ್ಲ, ನಾಯಿ ಬಾಲ ಎಂದಾದರೂ ನೆಟ್ಟಗಾದೀತೇ ಎಂದು ಅಳಿಸಿಬಿಡುತ್ತಿದ್ದಳು.

ನಿನ್ನೆಯೂ ಹನ್ನೊಂದನೆಯ ಗೆರೆ ಅಳಿಸಿ, ಬಂಡೆ ಗಟ್ಟಿ ಎಂದು ಸಹಿ ಹಾಕಿದ್ದಳು. ಬೆಳಿಗ್ಗೆ ಆರು ಜನ ಗೋಡೆ ಒಡೆಯಲು ಒಳಗೆ ಹೋದರು.

ತಮ್ಮ ಟೀ ಹಿಡಿದು ಬಂದ. ಬೆರಳ ಸಂದಿಯಲ್ಲೆಲ್ಲ ಬಿಳಿ ಮೆತ್ತಿತ್ತು.

"ಏನೋ ಇದು ಕೈ?"

"ಪ್ಲಾಸ್ಟರು. ನಿನ್ನೆ ಒಂದೊಂದು ಕಿವಿನೂ ಪ್ಲಾಸ್ಟರ್ ಹಾಕಿ ಕೂರಿಸ್ದೆ. ಕಿತ್ತರೂ ಬರಲ್ಲ. ನಿನ್ನ ಮುಖ ನೋಡಕ್ಕಾಗ್ತಿಲ್ಲ ಕಣಕ್ಕಾ, ಅಷ್ಟು ಸೋತೋಗಿದೀಯ."

"ಹನ್ನೊಂದನೇದೂ?"

"ಅದಕ್ಕೆ ಎರಡು ಸಲ ಹಾಕಿದೀನಿ."

ಹಾಗಾದರೆ ನಿನ್ನೆ ಆ ಗೆರೆ ಹಿಂದೆ ಬಿದ್ದದ್ದು ಬಿರುಕಿನಿಂದ! ಫೋನೆತ್ತಿ ಮೇಸ್ತ್ರಿಗೆ ಕೂಗಿದಳು: "ಎಲ್ಲರನ್ನೂ ಹೊರಗೆ ಕಳ್ಸಿ! ತಪ್ಪು ನಂದು, ಈಗ್ಲೇ ಕಳ್ಸಿ!"

ಆರು ಜನ ಗೊಣಗುತ್ತ ಬಂದರು. "ನಿನ್ನೆ ಗಟ್ಟಿ, ಇವತ್ತು ಬಿರುಕಾ ಮೇಡಂ? ಬೆಳಗಾಗೋದ್ರಲ್ಲಿ ಬಂಡೆ ಮನಸ್ಸು ಬದಲಾಯಿಸ್ತಾ?" ಎಂದ ಮೇಸ್ತ್ರಿ. ಅವಳು ನಕ್ಷೆಯಲ್ಲಿ ಹನ್ನೊಂದನೆಯ ಕಿವಿಯ ಜಾಗಕ್ಕೆ ಬೆರಳಿಟ್ಟಳು. ಮಧ್ಯಾಹ್ನ ಅವನು ಗೋಡೆಗೆ ಆಸರೆ ಕೊಟ್ಟು ಅಲ್ಲಿ ಕೊರೆಸಿ ನೋಡಿದ. ಒಂದು ಮೊಳದಾಚೆ ಸಲಾಕೆ ಪೊಳ್ಳಿಗೆ ನುಗ್ಗಿತು. ವಾಪಸ್ ಬಂದವನು ಅವಳೆದುರು ಹೆಲ್ಮೆಟ್ ತೆಗೆದು ಕೂತ.

ಅವನು ಹೋದ ಮೇಲೆ ತಮ್ಮ ಅಂದ: "ಎಲ್ಲಾ ಬದುಕಿದ್ರಲ್ಲ, ಬಿಡಕ್ಕಾ. ಊಟಕ್ಕೆ ನಡಿ."

ಅಕ್ಕ ಏಳಲಿಲ್ಲ. ಬೀರುವಿನಲ್ಲಿ ಎಂಟು ವರ್ಷದ ಫೈಲುಗಳಿದ್ದವು. ಆ ಸುರಂಗಗಳಲ್ಲೆಲ್ಲ ಈಗ ಬಸ್ಸುಗಳು ಓಡುತ್ತಿದ್ದವು.

"ನಾನು ಅಳಿಸಿದ್ರಲ್ಲಿ ಎಷ್ಟು ನಿನ್ನ ಕೈಯಿಂದ ಆಗಿದ್ದು, ಎಷ್ಟು ಬಂಡೆದು? ಹೇಳೋ."

ತಮ್ಮನಿಗೆ ನೆನಪಿರಲಿಲ್ಲ. ಅವಳು ಮೊದಲ ಫೈಲನ್ನು ಎಳೆದಳು, ಅವನು ಎದುರು ಕುರ್ಚಿಯಲ್ಲಿ ಕೂತ.