ಗೋಪಾಲಪ್ಪನವರ ಮೀಟರು

ನಡುರಾತ್ರಿ ಅಂಗಡಿಯ ಕಡೆಯಿಂದ ಕರಕರ ಎಂದು ಸಣ್ಣ ಸದ್ದು ಬಂತು. ಒಣಮರವನ್ನು ಯಾರೋ ಮೆಲ್ಲಗೆ ಉಜ್ಜಿದ ಹಾಗೆ. ಆದಿಲಕ್ಷ್ಮಿ ಎದ್ದು ಕೂತಳು.

"ಇಲಿ ಇರ್ಬೇಕು, ಮಲ್ಕೋ," ಎಂದ ಗಂಡ, ಅವಳು ಕೇಳುವ ಮೊದಲೇ.

ಮುಂದೆ ಅಂಗಡಿ, ಹಿಂದೆ ಮನೆ. ದೊಡ್ಡಬಳ್ಳಾಪುರದ ಪೇಟೆಯಲ್ಲಿ ಅವಳ ಮಾವ ಗೋಪಾಲಪ್ಪನವರ ಜವಳಿ ಅಂಗಡಿಯೆಂದರೆ ಹೆಸರಾದದ್ದು. ಗಜ ಹೋಗಿ ಮೀಟರು ಬಂದು ಏಳೆಂಟು ವರ್ಷವಾಗಿತ್ತು. ಎರಡು ತುದಿಗೂ ಹಿತ್ತಾಳೆ ತೊಡಿಸಿದ ಮರದ ಮೀಟರು ಕೋಲಿಗೆ ಅವರು ದಿನಾ ಬೆಳಿಗ್ಗೆ ಕುಂಕುಮವಿಟ್ಟು ಕೈಮುಗಿಯುತ್ತಿದ್ದರು. ಮನೆಯ ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ, ಲಕ್ಷ್ಮಿ ಮುನಿಯುತ್ತಾಳಂತೆ.

ಬಿ.ಎಸ್ಸಿ. ಪಾಸಾದ ಸೊಸೆಯನ್ನು ಕಂಡರೆ ಅವರಿಗೆ ತಾತ್ಸಾರ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗದಿದ್ದರೆ ಅದು ಬೇರೆಯವರ ಪಾಲು. ಮಾವ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. "ನೋಡಾಣ" ಅಂದಿದ್ದರು. ಆ ಮನೆಯಲ್ಲಿ "ನೋಡಾಣ" ಅನ್ನಿಸಿಕೊಂಡ ಕೆಲಸ ಇದುವರೆಗೆ ಒಂದೂ ಆಗಿರಲಿಲ್ಲ.

ಶನಿವಾರ ಮಧ್ಯಾಹ್ನ ಪಿಯುಸಿ ಓದುತ್ತಿದ್ದ ನಾದಿನಿ ಪಿಳ್ಳಮ್ಮ ಒಂದು ದಾರ ಹಿಡಿದು ಬಂದಳು. "ಅತ್ತಿಗೆ, ಈ ಪೆಂಡ್ಯುಲಮ್ಮು ತಲೆಗೇ ಹತ್ತಲ್ಲ. ದಾರ ತಂದಿದೀನಿ ನೋಡಿ, ಅಂಗಡಿ ಕೋಲಲ್ಲಿ ಅಣ್ಣನೇ ಅಳೆದು ಎರಡೂ ಕಡೆ ಶಾಯಿ ಗುರುತು ಹಾಕ್ಕೊಟ್ಟ. ಸರಿಯಾಗಿ ಒಂದು ಮೀಟರು."

ಆದಿಲಕ್ಷ್ಮಿ ಕೆಳಗಿನ ಗುರುತಿಗೆ ಕಬ್ಬಿಣದ ನಟ್ಟೊಂದನ್ನು ಕಟ್ಟಿ, ಮೇಲಿನ ಗುರುತನ್ನು ಪಡಸಾಲೆಯ ತೊಲೆಯ ಮೊಳೆಗೆ ಬಿಗಿದಳು. "ಉದ್ದಾನ ಕೋಲಿಟ್ಟು ಅಳೀಬಹುದು, ಅದು ನೇರದ ಅಳತೆ. ಭೂಮಿ ಎಷ್ಟು ಎಳೆಯುತ್ತೆ ಅನ್ನೋದಕ್ಕೆ ಕೋಲಿಲ್ಲ. ಉದ್ದ ಅಳೆದು, ತೂಗೋ ಹೊತ್ತು ಅಳೆದು, ಲೆಕ್ಕ ಹಾಕ್ಬೇಕು. ಅದು ಬಳಸುದಾರಿ."

ಊಟಕ್ಕೆ ಒಳಬಂದ ಗೋಪಾಲಪ್ಪನವರು ನಿಂತು ನೋಡಿದರು. "ಏನಮ್ಮಾ, ತೊಟ್ಟಿಲು ತೂಗೋ ವಯಸ್ಸಲ್ಲಿ ನಟ್ಟು ತೂಗ್ತಾ ಇದೀಯ? ಇದಕ್ಕಾ ನಿಮ್ಮಪ್ಪ ನಾಲ್ಕು ವರ್ಷ ಫೀಸು ಕಟ್ಟಿದ್ದು?"

ಅವಳು ಕೈಗಡಿಯಾರ ನೋಡಿದಳು, ಪಿಳ್ಳಮ್ಮ ತೂಗಾಟ ಎಣಿಸಿದಳು. ನೂರು ತೂಗಾಟಕ್ಕೆ ಇನ್ನೂರು ಸೆಕೆಂಡಿನ ಹತ್ತಿರ ಬರಬೇಕಿತ್ತು. ಮೂರು ಸಲ ಮಾಡಿದರೂ ನಾಲ್ಕು ಸೆಕೆಂಡು ಮೊದಲೇ ಮುಗಿಯಿತು.

ಪಿಳ್ಳಮ್ಮ ಲೆಕ್ಕ ಹಾಕಿ ನಕ್ಕಳು. "ಸಾವಿರದ ಇಪ್ಪತ್ತು ಬಂತು ಅತ್ತಿಗೆ! ಪುಸ್ತಕದಲ್ಲಿ ಒಂಬೈನೂರ ಎಂಬತ್ತು. ನಮ್ಮನೇಲಿ ಭೂಮಿ ಜಾಸ್ತಿ ಎಳೆಯುತ್ತಾ?"

"ಗಡಿಯಾರ ಸುಳ್ಳು, ಇಲ್ಲಾ ಓದಿದ್ದು ಸುಳ್ಳು," ಎಂದರು ಗೋಪಾಲಪ್ಪ. "ನನ್ನ ಕೋಲು ಸುಳ್ಳು ಹೇಳಲ್ಲ."

ಅವರೆದುರು ಕೋಲಿನ ಮಾತನ್ನು ಯಾರೂ ಎತ್ತಿರಲಿಲ್ಲ.

ಅವರು ಕೈತೊಳೆಯಲು ಹೋದರು, ಪಿಳ್ಳಮ್ಮ ಎಲೆ ಹಾಕಲು ಅಡುಗೆಮನೆಗೆ ಹೋದಳು. ಆದಿಲಕ್ಷ್ಮಿ ಲೆಕ್ಕವನ್ನು ತಿರುವಿಹಾಕಿದಳು. ಪುಸ್ತಕದ ಸಂಖ್ಯೆ ನಿಜವೆಂದುಕೊಂಡರೆ ದಾರದ ಉದ್ದವೆಷ್ಟು? ತೊಂಬತ್ತಾರು ಸೆಂಟಿಮೀಟರು. ದಾರ ಬಿಚ್ಚಿ, ನಾದಿನಿಯ ಚೀಲದಲ್ಲಿದ್ದ ಅಡಿಪಟ್ಟಿಯನ್ನು ಗುರುತಿನಿಂದ ಗುರುತಿಗೆ ಇಟ್ಟು ನೋಡಿದಳು. ಮೂವತ್ತರಂತೆ ಮೂರು ಸಲ, ಮೇಲೆ ಆರು. ತೊಂಬತ್ತಾರು. ನೇರ ಹೋದರೂ ಬಳಸಿ ಹೋದರೂ ದಾರಿ ಒಂದೇ ಕಡೆ ಮುಟ್ಟಿತು.

ಆ ರಾತ್ರಿಯ ಸದ್ದು ಈಗ ಅವಳಿಗೆ ಅರ್ಥವಾಯಿತು. ಹಿತ್ತಾಳೆ ಕಳಚಿ, ಮರ ಕೊಯ್ದು, ಮತ್ತೆ ತೊಡಿಸಿದರೆ ಅದರ ಮೇಲಿನ ಸರ್ಕಾರದ ಮುದ್ರೆ ಇದ್ದಲ್ಲೇ ಇರುತ್ತದೆ. ಮೀಟರಿಗೆ ಎರಡು ಬೆರಳು. ಕುಂಕುಮವಿಟ್ಟು, ಕೈಮುಗಿದು, ಎರಡು ಬೆರಳು! ದೊಡ್ಡ ಕಳ್ಳನಾಗಿದ್ದರೆ ಭಯವಾದರೂ ಆಗುತ್ತಿತ್ತು. ಈ ಮನುಷ್ಯನಿಗೆ ಹೆದರಿ ಎರಡು ವರ್ಷ ಸೆರಗು ಹೊದ್ದು ನಿಂತಿದ್ದಳಲ್ಲ. ಇಲಿ ಎಂದು ಗಂಡ ಹೇಳಿದ್ದು ತೀರ ಸುಳ್ಳೇನೂ ಆಗಿರಲಿಲ್ಲ. ಅಷ್ಟು ಬೇಗ ಅವನಿಗೆ ಇಲಿ ನೆನಪಾದದ್ದೂ ಒಂದು ಅಳತೆಯೇ.

ಪಿಳ್ಳಮ್ಮ ಹಿತ್ತಲಿಗೆ ನೀರು ಸೇದಲು ಹೋಗಿದ್ದಾಗ ಆದಿಲಕ್ಷ್ಮಿ ಮಾವನಿಗೆ ಮುದ್ದೆ ಬಡಿಸಿದಳು.

"ಏನಮ್ಮಾ ಪಂಡಿತೆ, ಎಲ್ಲಿ ತಪ್ತು ನಿನ್ನ ಲೆಕ್ಕ?"

"ಉದ್ದದಲ್ಲಿ ಮಾವ. ಎರಡು ಬೆರಳು ಕಮ್ಮಿ ಬಂತು," ಎಂದು ಸಾರು ಬಿಟ್ಟಳು.

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಗೋಪಾಲಪ್ಪನವರು ಹಿತ್ತಲ ಬಾಗಿಲ ಕಡೆ ನೋಡಿದರು, ಆಮೇಲೆ ಅವಳ ಕಡೆ. ಆ ಮನೆಗೆ ಬಂದ ಮೇಲೆ ಅವರು ಅವಳ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಸೋಮವಾರ ಅಲ್ವಾ ಸ್ಕೂಲು?" ಎಂದರು ತುತ್ತು ನುಂಗಿ. "ಹೋಗಮ್ಮಾ. ಓದಿದೋಳು ಮನೇಲಿ ಕೂತ್ರೆ ಚೆನ್ನಾಗಿರಲ್ಲ."

ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೆಲೆ ಕಟ್ಟುವುದರಲ್ಲಿ ಮುದುಕನಿಗೆ ಬಳಸುದಾರಿ ಬೇಕಿರಲಿಲ್ಲ. ಒಂದೇ ನೋಟದಲ್ಲಿ ಅಳೆದು, ಹರಿದು, ಮಡಿಸಿ ಕೊಟ್ಟಿದ್ದ.

ಕೊಡ ಇಳಿಸಿ ಪಿಳ್ಳಮ್ಮ ಓಡಿ ಬಂದಳು. "ಅತ್ತಿಗೆ, ತಪ್ಪು ಎಲ್ಲಿತ್ತು?"

"ನೀನು ಎಣಿಸಿದ್ದರಲ್ಲಿ," ಎಂದಳು ಆದಿಲಕ್ಷ್ಮಿ. "ಸೋಮವಾರ ಕಾಲೇಜಲ್ಲೇ ಇನ್ನೊಂದು ಸಲ ಮಾಡು."

ಹುಡುಗಿ ಮುಖ ಬಾಡಿಸಿಕೊಂಡು ತಲೆಯಾಡಿಸಿದಳು. ಅವಳು ಒಂದು ತೂಗಾಟವನ್ನೂ ತಪ್ಪಿ ಎಣಿಸಿರಲಿಲ್ಲ. ಮಾವನ ಮೇಲಿದ್ದ ಹೇಸಿಗೆ ಆದಿಲಕ್ಷ್ಮಿಯ ಬಾಯಲ್ಲೇ ಕಹಿಯಾಗಿ ಉಳಿಯಿತು.

ದಾರವನ್ನು ಬೆರಳಿಗೆ ಸುತ್ತಿ ಒಲೆಗೆ ಹಾಕಿದಳು. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು. ಗಂಡನಿಗಂತೂ ಹೇಳಬೇಕಾದ್ದೇ ಇರಲಿಲ್ಲ. ಆಮೇಲೆ ಸೋಮವಾರಕ್ಕೆ ಯಾವ ಸೀರೆ ಉಡುವುದೆಂದು ಪೆಟ್ಟಿಗೆ ತೆಗೆದಳು. ಎಲ್ಲವೂ ಅದೇ ಅಂಗಡಿಯವು.